ಓದಿನ ಪೀರಿಯಡ್ ಬಂದರೆ ಸಾಕು, ಗಲಾಟೆ ಶುರು. ಯಾಕೆ?

ಪ್ರಶ್ನೆ: ನಾನು ನಾಲ್ಕನೇ ತರಗತಿಯ ಟೀಚರ್. ಗಣಿತ, ಚಿತ್ರಕಲೆ, ಆಟ, ಎಲ್ಲದರಲ್ಲೂ ನಮ್ಮ ಮಕ್ಕಳು ಪರವಾಗಿಲ್ಲ. ಓದಿನ ಪೀರಿಯಡ್ ಬಂದರೆ ಮಾತ್ರ ನಾಲ್ಕೈದು ಮಕ್ಕಳು ಎದ್ದು ಓಡಾಡುತ್ತಾರೆ, ಪೆನ್ಸಿಲ್ ಕೆತ್ತುತ್ತಾ ಕೂರುತ್ತಾರೆ, ನೀರು ಕುಡಿದು ಬರ್ತೀನಿ ಅನ್ನುತ್ತಾರೆ, ಪಕ್ಕದವರನ್ನು ಕೆಣಕುತ್ತಾರೆ. ಅವರಲ್ಲಿ ಒಬ್ಬ ತರಗತಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಓದುವವನು! ಬೈದಿದ್ದಾಯಿತು, ಹೊರಗೆ ನಿಲ್ಲಿಸಿದ್ದಾಯಿತು. ಪಾಠ ಕಷ್ಟವಾಗಿರುವುದೇ ಇದಕ್ಕೆ ಕಾರಣ ಇರಬಹುದಾ? ಹಾಗೆಂದು ಸುಲಭದ ಪುಸ್ತಕ ಕೊಟ್ಟರೆ ಅವರು ಇನ್ನೂ ಹಿಂದೆ ಬೀಳುವುದಿಲ್ಲವಾ?

ಉತ್ತರ: ಬೇರೆ ಪೀರಿಯಡ್‌ಗಳಲ್ಲಿ ಇದೇ ಮಕ್ಕಳು ಪರವಾಗಿಲ್ಲ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮಕ್ಕಳ ಸ್ವಭಾವವೇ ಹಾಗಿದ್ದರೆ ಗಲಾಟೆ ಎಲ್ಲಾ ಪೀರಿಯಡ್‌ಗೂ ಹರಡಬೇಕಿತ್ತು. ಒಂದೇ ಕೆಲಸಕ್ಕೆ ಅಂಟಿಕೊಂಡು ಬರುವ ಗಲಾಟೆಯ ಕಾರಣವನ್ನು ಆ ಕೆಲಸದಲ್ಲೇ ಹುಡುಕಬೇಕು. ಹಾಗಾಗಿ ನಿಮ್ಮ ಊಹೆ ಬಹುಮಟ್ಟಿಗೆ ಸರಿ. ಆದರೆ ಅದಕ್ಕೆ ಒಂದು ಮಾತು ಸೇರಿಸಬೇಕು. ಪಾಠ ತೀರಾ ಕಷ್ಟವಾದಾಗ ಮಾತ್ರ ಅಲ್ಲ, ತೀರಾ ಸುಲಭವಾದಾಗಲೂ ಮಕ್ಕಳು ಕೈಬಿಟ್ಟು ಹೋಗುತ್ತಾರೆ. ನಿಮ್ಮ ತರಗತಿಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿರುವ ಹಾಗೆ ಕಾಣುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಗಲಾಟೆ, ಅಷ್ಟೇ.

ಮೊದಲು ಕಷ್ಟದ ಕಡೆ ನೋಡೋಣ. ಓದುವಾಗ ಮಗು ಎರಡು ಕೆಲಸ ಒಟ್ಟಿಗೆ ಮಾಡಬೇಕು. ಅಕ್ಷರಗಳನ್ನು ಕೂಡಿಸಿ ಪದ ಮಾಡಬೇಕು, ಪದಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳಬೇಕು. ಎರಡಕ್ಕೂ ಗಮನ ಬೇಕು, ಮತ್ತು ಗಮನ ಅನ್ನುವುದು ಯಾರಿಗೂ ಬೇಕಾದಷ್ಟು ಇರುವುದಿಲ್ಲ. ಲಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಎಂಬ ಇಬ್ಬರು ಸಂಶೋಧಕರು 1974ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಪದ ಗುರುತಿಸುವುದು ತಾನಾಗೇ ಆಗುವಷ್ಟು ಅಭ್ಯಾಸವಾಗಿದ್ದರೆ ಗಮನವೆಲ್ಲಾ ಅರ್ಥದ ಕಡೆ ಹೋಗುತ್ತದೆ. ಅಭ್ಯಾಸ ಆಗಿಲ್ಲದಿದ್ದರೆ ಇರುವ ಗಮನವೆಲ್ಲಾ ಅಕ್ಷರಕ್ಕೇ ಖರ್ಚಾಗುತ್ತದೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಶುರುವಿನಲ್ಲಿ ಏನಿತ್ತು ಅನ್ನುವುದೇ ಮರೆತಿರುತ್ತದೆ. ಇನ್ನು ಕಥೆಯ ರುಚಿ ಹತ್ತುವುದು ಎಲ್ಲಿಂದ? ಪಕ್ಕದವರು ನಗುತ್ತಾ ಪುಟ ತಿರುಗಿಸುತ್ತಿರುವಾಗ ಈ ಮಗುವಿಗೆ ಸಿಗುವುದು ಬರೀ ಆಯಾಸ. ಹತ್ತು ನಿಮಿಷ ಹೀಗೇ ಕಳೆದರೆ ದೊಡ್ಡವರೂ ಕುರ್ಚಿಯಲ್ಲಿ ಮಿಸುಕಾಡುತ್ತಾರೆ.

ಆಯಾಸವಾದ ಮಗು ಅದರಿಂದ ಹೊರಬರುವ ದಾರಿ ಹುಡುಕುತ್ತದೆ. ಪೆನ್ಸಿಲ್ ಕೆತ್ತುವುದು, ನೀರು, ಟಾಯ್ಲೆಟ್, ಪಕ್ಕದವರ ಜೊತೆ ಕಿತಾಪತಿ, ಎಲ್ಲವೂ ಹೊರಬರುವ ದಾರಿಗಳೇ. ನಾವು ಕೊಡುವ ಶಿಕ್ಷೆ ಇಲ್ಲಿ ಹೇಗೆ ಉಲ್ಟಾ ಹೊಡೆಯುತ್ತದೆ ನೋಡಿ. ಮಗು ಗಲಾಟೆ ಮಾಡಿತು, ನಾವು ಸಿಟ್ಟಾಗಿ ಹೊರಗೆ ನಿಲ್ಲಿಸಿದೆವು. ಹೊರಗೆ ನಿಂತ ಮಗುವಿಗೆ ಏನು ಸಿಕ್ಕಿತು? ಓದಿನಿಂದ ಬಿಡುಗಡೆ. ಅದಕ್ಕೆ ಬೇಕಾಗಿದ್ದೂ ಅದೇ. ಹೀಗಾಗಿ ನಾಳೆ ಅದೇ ಕಷ್ಟ ಬಂದಾಗ ಅದೇ ಗಲಾಟೆ ಇನ್ನೂ ಬೇಗ ಬರುತ್ತದೆ. ಮಗು ಲೆಕ್ಕ ಹಾಕಿ ಹೀಗೆ ಮಾಡುತ್ತದೆ ಅಂತ ಖಂಡಿತಾ ತಿಳಿಯಬೇಡಿ. ಹಲವು ಸಲ ಅದಕ್ಕೇ ಗೊತ್ತಿರುವುದಿಲ್ಲ. ಯಾವುದರಿಂದ ನೆಮ್ಮದಿ ಸಿಕ್ಕಿತೋ ಆ ನಡತೆ ಗಟ್ಟಿಯಾಗುತ್ತಾ ಹೋಗುತ್ತದೆ, ಅಷ್ಟೇ. ಬೈದಾಗಲೂ ಹೀಗೇ. ಬೈಯುವ ಆ ಎರಡು ನಿಮಿಷ ಓದು ನಿಂತಿರುತ್ತದೆ ಅಲ್ವಾ?

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ನೇರವಾಗಿ ಸಂಬಂಧಿಸಿದ್ದು. ಬೆಳವಣಿಗೆಯ ತೊಂದರೆ ಇದ್ದ ನಾಲ್ಕು ಮಕ್ಕಳನ್ನು ಅವರು ಹತ್ತಿರದಿಂದ ಗಮನಿಸಿದರು. ಕೆಲವರ ರಂಪಾಟ ಕೆಲಸ ಕಷ್ಟವಾದಾಗ ಹೆಚ್ಚಾಗುತ್ತಿತ್ತು, ಕೆಲವರದು ದೊಡ್ಡವರ ಗಮನ ಕಡಿಮೆಯಾದಾಗ. ಆಮೇಲೆ ಕೆಲಸ ಕಷ್ಟವಾಗುತ್ತಿದ್ದ ಮಕ್ಕಳಿಗೆ ‘ನನಗೆ ಅರ್ಥ ಆಗಲಿಲ್ಲ’ ಎಂದು ಹೇಳುವುದನ್ನು ಕಲಿಸಿದರು, ಹಾಗೆ ಹೇಳಿದ ತಕ್ಷಣ ಸಹಾಯ ಸಿಗುವಂತೆ ನೋಡಿಕೊಂಡರು. ರಂಪಾಟ ಇಳಿಯಿತು. ಗಮನ ಬೇಕಿದ್ದ ಮಗುವಿಗೆ ಇದೇ ವಾಕ್ಯ ಕಲಿಸಿದಾಗ ಅದು ಕೆಲಸ ಮಾಡಲಿಲ್ಲ, ಅದಕ್ಕೆ ಬೇರೆ ವಾಕ್ಯ ಬೇಕಾಯಿತು. ಅಂದರೆ ಒಂದೇ ಥರ ಕಾಣುವ ಎರಡು ಗಲಾಟೆಗಳ ಹಿಂದೆ ಬೇರೆ ಬೇರೆ ಕಾರಣ ಇರಬಹುದು, ಮದ್ದೂ ಬೇರೆ. ಅದು ವಿಶೇಷ ಅಗತ್ಯದ ಮಕ್ಕಳ ಅಧ್ಯಯನ, ನಿಜ. ಆದರೆ ಕಷ್ಟದಿಂದ ತಪ್ಪಿಸಿಕೊಳ್ಳುವ ಈ ಮನಸ್ಸು ಎಲ್ಲಾ ಮಕ್ಕಳಲ್ಲೂ ಇದೆ, ಮತ್ತು ‘ಗೊತ್ತಾಗಲಿಲ್ಲ’ ಎಂದು ನಾಚಿಕೆ ಇಲ್ಲದೆ ಹೇಳುವ ಒಂದು ದಾರಿ ಇದ್ದರೆ ಸಾಮಾನ್ಯ ತರಗತಿಯ ಮಗುವಿಗೂ ಪೆನ್ಸಿಲ್ ಕೆತ್ತುತ್ತಾ ಕೂರುವ ಅಗತ್ಯ ಕಡಿಮೆಯಾಗುತ್ತದೆ.

ಈಗ ನಿಮ್ಮ ಚೆನ್ನಾಗಿ ಓದುವ ಹುಡುಗನ ವಿಷಯ. ಗಿಕ್ಲಿಂಗ್ ಮತ್ತು ಆರ್ಮ್‌ಸ್ಟ್ರಾಂಗ್ 1978ರಲ್ಲಿ ಚಿಕ್ಕ ತರಗತಿಗಳ ಕೆಲವು ಮಕ್ಕಳಿಗೆ ಮೂರು ಮಟ್ಟದ ಕೆಲಸ ಕೊಟ್ಟು ನೋಡಿದರು: ತೀರಾ ಕಷ್ಟ, ತೀರಾ ಸುಲಭ, ನಡುವಿನದು. ಕಷ್ಟದ್ದು ಕೊಟ್ಟಾಗ ಮಕ್ಕಳು ಕೆಲಸದಲ್ಲಿ ತೊಡಗುವುದೂ ಕಡಿಮೆಯಾಯಿತು, ಮುಗಿಸುವುದೂ ಕಡಿಮೆಯಾಯಿತು, ಅರ್ಥವೂ ಆಗಲಿಲ್ಲ. ಸುಲಭದ್ದು ಕೊಟ್ಟಾಗ ಕೆಲಸ ಮುಗಿಯಿತು, ಆದರೆ ಗಮನ ಬೇರೆ ಕಡೆ ಹರಿಯಿತು. ನಡುವಿನ ಮಟ್ಟದಲ್ಲಿ ಮಕ್ಕಳು ಕೆಲಸಕ್ಕೆ ಕಚ್ಚಿಕೊಂಡು ಕೂತರು. ಓದಿನಲ್ಲಿ ಅವರು ‘ನಡುವಿನ ಮಟ್ಟ’ ಎಂದು ಹಿಡಿದದ್ದು ಪಾಠದ ಪದಗಳಲ್ಲಿ 93ರಿಂದ 97 ಶೇಕಡಾ ಮಗುವಿಗೆ ಮೊದಲೇ ಗೊತ್ತಿರುವುದನ್ನು. ಮಕ್ಕಳ ಸಂಖ್ಯೆ ಚಿಕ್ಕದು, ಅದು ನೆನಪಿರಲಿ. ಜಾನ್ ಅಂಬ್ರೈಟ್ ಮತ್ತು ಜೊತೆಗಾರರು 2004ರಲ್ಲಿ ಇನ್ನೂ ನೇರವಾದ ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕನೇ ತರಗತಿಯ ಒಬ್ಬ ಹುಡುಗ. ತರಗತಿಯಲ್ಲಿ ಒಂದೇ ಸಮನೆ ತೊಂದರೆ ಕೊಡುತ್ತಿದ್ದ. ನೋಡಿದರೆ ಅವನಿಗೆ ಕೊಡುತ್ತಿದ್ದ ಕೆಲಸ ತೀರಾ ಸುಲಭ. ಕೆಲಸವನ್ನು ಅವನ ಮಟ್ಟಕ್ಕೆ ಏರಿಸಿದರು, ಅವನು ಕೆಲಸದಲ್ಲಿ ಮುಳುಗಿದ. ಬೈಗುಳವೂ ಇಲ್ಲ, ಬಹುಮಾನವೂ ಇಲ್ಲ.

ನಿಮ್ಮ ಹುಡುಗ ಎರಡು ನಿಮಿಷದಲ್ಲಿ ಪುಟ ಮುಗಿಸಿ ಉಳಿದವರಿಗಾಗಿ ಕಾಯುತ್ತಿದ್ದಾನಾ ನೋಡಿ. ಕಾಯುವ ಹೊತ್ತು ಚಿಕ್ಕ ಮಕ್ಕಳಿಗೆ ತುಂಬಾ ಉದ್ದ. ಅವನಿಗೆ ಇನ್ನೂ ಹತ್ತು ಪ್ರಶ್ನೆ ಜಾಸ್ತಿ ಕೊಡುವುದು ಪರಿಹಾರ ಅಲ್ಲ. ಬೇಗ ಮುಗಿಸಿದ್ದಕ್ಕೆ ದಂಡ ಹಾಕಿದ ಹಾಗಾಗುತ್ತದೆ, ಅವನು ಮುಂದಿನ ಸಲ ನಿಧಾನ ಮಾಡುವುದನ್ನು ಕಲಿಯುತ್ತಾನೆ. ಜಾಸ್ತಿ ಕೆಲಸ ಬೇಡ, ಆಳವಾದ ಕೆಲಸ ಕೊಡಿ. ಕಥೆಯಲ್ಲಿ ಆ ಪಾತ್ರ ಸುಳ್ಳು ಹೇಳುತ್ತಿದೆ ಅಂತ ಯಾವ ಸಾಲಿನಿಂದ ಗೊತ್ತಾಗುತ್ತದೆ? ಇದೇ ಘಟನೆಯನ್ನು ಇನ್ನೊಂದು ಪಾತ್ರ ಹೇಳಿದರೆ ಹೇಗಿರುತ್ತದೆ? ಇಂಥ ಪ್ರಶ್ನೆಗೆ ಅವನು ಪುಟಕ್ಕೆ ವಾಪಸ್ ಬರಲೇಬೇಕು. ದಿನಾ ಅವನನ್ನೇ ಉಳಿದವರಿಗೆ ಪಾಠ ಹೇಳಿಕೊಡಲು ಕೂರಿಸಬೇಡಿ. ಆಗಾಗ ಮಾಡಿದರೆ ಚೆನ್ನ. ಆದರೆ ಅವನೂ ಕಲಿಯಲೇ ಬಂದವನು.

ಹಾಗಾದರೆ ಯಾವ ಪಾಠ ಯಾರಿಗೆ ಕಷ್ಟ ಅಂತ ತಿಳಿಯುವುದು ಹೇಗೆ? ಹಳೆಯ ಅಳತೆಯೊಂದಿದೆ. ಎಮ್ಮೆಟ್ ಬೆಟ್ಸ್ ಎಂಬ ಅಮೆರಿಕದ ಓದಿನ ತಜ್ಞರು 1946ರಲ್ಲಿ ಕೊಟ್ಟದ್ದು, ಇವತ್ತಿಗೂ ಬಳಕೆಯಲ್ಲಿದೆ. ಮಗು 100 ಪದಗಳಲ್ಲಿ 99 ಸರಿಯಾಗಿ ಓದಿ, ಕೇಳಿದ ಪ್ರಶ್ನೆಗಳಲ್ಲಿ 90 ಶೇಕಡಾ ಸರಿ ಹೇಳಿದರೆ ಆ ಪುಸ್ತಕವನ್ನು ಒಬ್ಬರೇ ಓದಬಲ್ಲರು. 95 ಪದ ಸರಿ, 75 ಶೇಕಡಾ ಅರ್ಥವಾದರೆ ಟೀಚರ್ ಜೊತೆಗಿದ್ದು ಕಲಿಸಲು ಸರಿಯಾದ ಪುಸ್ತಕ. 90ಕ್ಕಿಂತ ಕಡಿಮೆ ಪದ, ಅರ್ಧಕ್ಕಿಂತ ಕಡಿಮೆ ಅರ್ಥ ಆದರೆ ಅದು ಮಗುವಿಗೆ ಬರೀ ಹತಾಶೆ. ಒಂದು ಪ್ಯಾರಾ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರೆ ಮೂರು ನಾಲ್ಕು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಎಲ್ಲರೆದುರು ಬೇಡ, ಒಬ್ಬರೇ ಇದ್ದಾಗ ಮಾಡಿ.

ಆದರೆ ಈ ಅಂಕಿಗಳನ್ನು ಕನ್ನಡಕ್ಕೆ ಹಾಗೇ ಅಂಟಿಸಬಾರದು. ಅವು ಇಂಗ್ಲಿಷ್ ಓದಿಗೆ ಮಾಡಿದವು. ನಮ್ಮಲ್ಲಿ ‘ಹೋಗಬೇಕಾಗಿದ್ದವರೆಲ್ಲರೂ’ ಅನ್ನುವುದು ಒಂದೇ ಪದ, ‘ಮನೆ’ ಅನ್ನುವುದೂ ಒಂದೇ ಪದ. ಎರಡನ್ನೂ ಒಂದೊಂದು ಅಂತ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚು ಕಡಿಮೆ ಹಾಗೇ ಓದುತ್ತೇವೆ. ಹಾಗಾಗಿ ಕಾಗುಣಿತ, ಒತ್ತಕ್ಷರ ಬಲ್ಲ ಮಗು ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒಂದೂ ತಪ್ಪಿಲ್ಲದೆ ಇಡೀ ಪ್ಯಾರಾ ಓದಿಬಿಡಬಹುದು. 100ಕ್ಕೆ 100. ಆದರೆ ಅದಕ್ಕೆ ಐದು ನಿಮಿಷ ಹಿಡಿದಿರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ಅಂಕಿಯಲ್ಲಿ ಸುಲಭದ ಪಾಠ, ಮಗುವಿಗೆ ಬೆಟ್ಟ. ಅದಕ್ಕೇ ನಮ್ಮ ಮಕ್ಕಳ ಓದಿನಲ್ಲಿ ತಪ್ಪಿನ ಜೊತೆ ವೇಗವನ್ನೂ ನೋಡಬೇಕು, ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಗುರುತು ಹಾಕಿಕೊಳ್ಳಬೇಕು. ಉದ್ದ ಪದದ ನಡುವೆ ಉಸಿರು ಕಟ್ಟುತ್ತಾರಾ? ಒತ್ತಕ್ಷರ ಬಂದಾಗಲೆಲ್ಲಾ ನಿಧಾನ ಆಗುತ್ತಾರಾ? ಕನ್ನಡ ಅಕ್ಷರಗಳನ್ನು ಮಕ್ಕಳು ಕಲಿಯುವ ಬಗೆಯ ಮೇಲೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ. ನಮ್ಮ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಕಾಗುಣಿತ ಮತ್ತು ಒತ್ತಕ್ಷರ ಪೂರಾ ಕೈವಶವಾಗಲು ಇನ್ನೂ ಮುಂದಿನ ತರಗತಿಗಳವರೆಗೆ ಹೋಗುತ್ತದೆ. ನಾಲ್ಕನೇ ತರಗತಿಯಲ್ಲಿ ಒಂದು ಮಗು ‘ಸ್ತ್ರ’, ‘ಷ್ಟ್ರ’ ಕಂಡು ನಿಂತರೆ ಅದು ದಡ್ಡತನ ಅಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ.

ಇನ್ನೊಂದು ಚಿಕ್ಕ ಪರೀಕ್ಷೆ ಮಾಡಿ. ಅದೇ ಪ್ಯಾರಾವನ್ನು ನೀವೇ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಚೆನ್ನಾಗಿ ಅರ್ಥವಾಗುತ್ತದೆ, ತಾನೇ ಓದಿದಾಗ ಆಗುವುದಿಲ್ಲ ಅಂದರೆ ತೊಡಕು ಅಕ್ಷರ ಬಿಡಿಸುವುದರಲ್ಲಿದೆ. ಕೇಳಿಸಿಕೊಂಡಾಗಲೂ ಅರ್ಥವಾಗದಿದ್ದರೆ ತೊಡಕು ಭಾಷೆಯಲ್ಲಿ, ಪದಗಳ ಅರ್ಥದಲ್ಲಿ, ವಿಷಯದ ಪರಿಚಯದಲ್ಲಿ. ಓದಿನ ಅರ್ಥಗ್ರಹಣ ಅಂದರೆ ಅಕ್ಷರ ಬಿಡಿಸುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಈ ಎರಡರ ಗುಣಾಕಾರ ಎಂದು ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದರು. ಗುಣಾಕಾರ ಅಂದಮೇಲೆ ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಲ್ಲಿ ಈ ಎರಡನೇ ಥರದ ತೊಡಕು ತುಂಬಾ ಸಲ ಕಾಣುತ್ತದೆ. ಸರಾಗವಾಗಿ ಓದಿಬಿಡುತ್ತಾರೆ, ನಾವು ‘ಇವರಿಗೆ ಬರುತ್ತೆ’ ಅಂದುಕೊಳ್ಳುತ್ತೇವೆ. ಆಮೇಲೆ ಪ್ರಶ್ನೆಗೆ ಉತ್ತರ ಬರೆಯುವಾಗ ಗಲಾಟೆ ಶುರುವಾದರೆ ‘ಬರುತ್ತೆ, ಬೇಕಂತಲೇ ಮಾಡಲ್ಲ’ ಅನ್ನುವ ತೀರ್ಪು ಕೊಡುತ್ತೇವೆ. ಈ ತೀರ್ಪು ಮಕ್ಕಳಿಗೆ ತುಂಬಾ ನೋವು ಕೊಡುತ್ತದೆ.

ಕಷ್ಟ ಅಂದರೆ ಪದಗಳ ಕಷ್ಟ ಒಂದೇ ಅಲ್ಲ ಅನ್ನುವುದನ್ನೂ ನೋಡಬೇಕು. ಪುಟದಲ್ಲಿ ಎಷ್ಟು ಸಾಲು ಒತ್ತೊತ್ತಾಗಿವೆ, ಎಷ್ಟು ಹೊತ್ತು ಒಂದೇ ಕಡೆ ಕೂರಬೇಕು, ಓದಿದ ಮೇಲೆ ಎಷ್ಟು ಬರೆಯಬೇಕು, ಎಲ್ಲವೂ ಸೇರುತ್ತದೆ. ಕೆಲವು ಮಕ್ಕಳಿಗೆ ಓದು ಸರಿ, ಬರೆಯುವುದೇ ಭಯ. ಅವರ ಗಲಾಟೆ ಓದಿನ ಕೊನೆಯಲ್ಲಿ, ನೋಟ್‌ಬುಕ್ ತೆಗೀರಿ ಅನ್ನುವ ಹೊತ್ತಿಗೆ ಬರುತ್ತದೆ.

ಸರದಿಯ ಓದಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದುವುದು, ಉಳಿದವರು ಬೆರಳಿಟ್ಟು ಹಿಂಬಾಲಿಸುವುದು. ನಮಗೆಲ್ಲಾ ಗೊತ್ತಿರುವ ಪದ್ಧತಿ. ಗಲಾಟೆಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಓದು ಬಾರದ ಮಗುವಿಗೆ ಇದು ಎಲ್ಲರೆದುರು ಸೋಲುವ ಹೊತ್ತು. ತನ್ನ ಸರದಿ ಯಾವಾಗ ಬರುತ್ತದೆ ಅಂತ ಎಣಿಸಿಕೊಂಡು, ತನ್ನ ಪಾಲಿಗೆ ಬರುವ ಪ್ಯಾರಾವನ್ನು ಮೊದಲೇ ತುಟಿಯಲ್ಲಿ ಅಭ್ಯಾಸ ಮಾಡುತ್ತಾ ಕೂತಿರುತ್ತದೆ, ಅಷ್ಟು ಹೊತ್ತೂ ಕಥೆ ಕಿವಿಗೆ ಬೀಳುವುದೇ ಇಲ್ಲ. ಇನ್ನು ಕೆಲವರು ಸರದಿ ಹತ್ತಿರ ಬಂದಾಗ ಸರಿಯಾಗಿ ಜಗಳ ತೆಗೆಯುತ್ತಾರೆ. ‘ದಡ್ಡ’ ಅನ್ನಿಸಿಕೊಳ್ಳುವುದಕ್ಕಿಂತ ‘ತುಂಟ’ ಅನ್ನಿಸಿಕೊಳ್ಳುವುದು ಅವರಿಗೆ ವಾಸಿ. ಚೆನ್ನಾಗಿ ಓದುವ ಮಗುವಿಗೆ ಇದು ತಡೆಯಲಾಗದಷ್ಟು ನಿಧಾನ. ಓದಿ ಮುಗಿಸಿ ಕೂತವರಿಗೆ ಮುಂದೆ ಮಾಡಲು ಏನೂ ಇರುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ನಿಮಿಷ ಹೀಗೆ ಓದಿಸಿದರೆ ಒಂದೊಂದು ಮಗು ನಿಜವಾಗಿ ಓದುವುದು ಒಂದು ನಿಮಿಷ. ನಿಮ್ಮ ಪೀರಿಯಡ್ ಹೀಗೆ ನಡೆಯುತ್ತಿದ್ದರೆ ದಯವಿಟ್ಟು ಮೊದಲು ಇದನ್ನು ಬಿಡಿ. ಬೇರೆ ಯಾವುದನ್ನು ಬದಲಿಸದಿದ್ದರೂ ಇದೊಂದನ್ನು ಬದಲಿಸಿ. ಅದರ ಜಾಗದಲ್ಲಿ ಜೋಡಿ ಓದು ಇಡಿ, ಅಥವಾ ನೀವು ಓದುತ್ತಾ ಎಲ್ಲರೂ ಜೊತೆಯಲ್ಲಿ ದನಿಗೂಡಿಸಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಸುಲಭದ ಪುಸ್ತಕ ಕೊಟ್ಟರೆ ಹಿಂದೆ ಬೀಳುವುದಿಲ್ಲವಾ? ಇದು ನಿಜವಾದ ಆತಂಕ, ಮತ್ತು ತಜ್ಞರಲ್ಲೇ ಇದರ ಬಗ್ಗೆ ಜಗಳವಿದೆ. ಮಗುವಿನ ಮಟ್ಟಕ್ಕೆ ತಕ್ಕ ಪುಸ್ತಕವನ್ನೇ ಕೊಡಬೇಕು ಅನ್ನುವ ಪದ್ಧತಿಯನ್ನು ಟಿಮೊಥಿ ಶಾನಹಾನ್ ಅವರಂಥ ಓದಿನ ತಜ್ಞರು ಬಹಳ ವರ್ಷದಿಂದ ಪ್ರಶ್ನಿಸುತ್ತಿದ್ದಾರೆ. ಬೆಟ್ಸ್ ಅವರ ಅಂಕಿಗಳಿಗೆ ಗಟ್ಟಿಯಾದ ಆಧಾರ ಇರಲಿಲ್ಲ, ಆ ಮಟ್ಟದ ಪುಸ್ತಕದಿಂದಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ ಅನ್ನುವುದು ಸಾಬೀತಾಗಿಲ್ಲ ಅನ್ನುವುದು ಅವರ ವಾದ. 2000ದಲ್ಲಿ ಮಾರ್ಗನ್, ವಿಲ್ಕಾಕ್ಸ್, ಎಲ್ಡ್ರೆಜ್ ಪ್ರಕಟಿಸಿದ ಪ್ರಯೋಗವನ್ನು ಈ ವಾದಕ್ಕೆ ಪುಷ್ಟಿಯಾಗಿ ತೋರಿಸುತ್ತಾರೆ. ಎರಡನೇ ತರಗತಿಯ ಹಿಂದುಳಿದ ಓದುಗರನ್ನು ಚೆನ್ನಾಗಿ ಓದುವವರ ಜೊತೆ ಕೂರಿಸಿ, ಒಂದೇ ಪುಸ್ತಕ ಹಿಡಿದು ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದುವಂತೆ ಮಾಡಿದರು. ಕೆಲವರಿಗೆ ತಮ್ಮ ಮಟ್ಟದ ಪುಸ್ತಕ, ಕೆಲವರಿಗೆ ಎರಡು ತರಗತಿ ಮೇಲಿನದು, ಕೆಲವರಿಗೆ ನಾಲ್ಕು ತರಗತಿ ಮೇಲಿನದು. ಹೆಚ್ಚು ಮುಂದೆ ಬಂದವರು ಎರಡು ತರಗತಿ ಮೇಲಿನ ಪುಸ್ತಕ ಓದಿದವರು.

ಒಂದು ಕಡೆ ಕಷ್ಟದ ಪಾಠ ಕೊಟ್ಟರೆ ಮಕ್ಕಳು ಕೈಬಿಡುತ್ತಾರೆ ಅನ್ನುತ್ತೇನೆ, ಇನ್ನೊಂದು ಕಡೆ ಕಷ್ಟದ ಪುಸ್ತಕದಿಂದಲೇ ಜಾಸ್ತಿ ಕಲಿತರು ಅನ್ನುತ್ತೇನೆ. ಎರಡೂ ಹೊಂದುತ್ತವೆ. ಆ ಎರಡನೇ ಪ್ರಯೋಗದಲ್ಲಿ ಮಗು ಒಂಟಿಯಾಗಿರಲಿಲ್ಲ. ಪಕ್ಕದಲ್ಲಿ ಒಂದು ದನಿ ಇತ್ತು, ತಡವರಿಸಿದ ಕಡೆ ಆ ದನಿ ಎತ್ತಿ ಮುಂದಕ್ಕೆ ಒಯ್ಯುತ್ತಿತ್ತು, ಎಲ್ಲರೆದುರು ಸೋಲುವ ಭಯ ಇರಲಿಲ್ಲ. ಮಗು ಕೈಬಿಡುವಂತೆ ಮಾಡುವುದು ಕಷ್ಟವೊಂದೇ ಅಲ್ಲ, ಕಷ್ಟದ ಜೊತೆಗಿನ ಒಂಟಿತನ. ಇದು ಇಷ್ಟು ವರ್ಷ ತರಗತಿಗಳನ್ನು ನೋಡಿದ ಮೇಲೆ ನಾನು ಗಟ್ಟಿಯಾಗಿ ನಂಬಿರುವ ಮಾತು. ಹಾಗಾಗಿ ನಾನು ಹೇಳುವುದು ಇಷ್ಟು: ಮಗು ಒಬ್ಬರೇ ಕೂತು ಓದುವ ಹೊತ್ತಿನಲ್ಲಿ ಸುಲಭದ್ದು ಇರಲಿ, ನೀವು ಜೊತೆಗಿರುವ ಹೊತ್ತಿನಲ್ಲಿ ತರಗತಿಯ ಪಾಠವೇ ಇರಲಿ. ಕಷ್ಟ ಏರಿದಷ್ಟೂ ಜೊತೆ ಏರಬೇಕು. ವರ್ಷವಿಡೀ ಸುಲಭದ್ದನ್ನೇ ಕೊಟ್ಟು ಕೂರಿಸಿದರೆ ಗಲಾಟೆ ನಿಲ್ಲಬಹುದು, ನಿಜ. ಆದರೆ ಶಾಂತವಾಗಿ ಕೂತ ಮಗು ಹೊಸ ಪದ, ಉದ್ದ ವಾಕ್ಯ, ದೊಡ್ಡ ವಿಷಯ ಯಾವುದನ್ನೂ ಕಾಣದೆ ಹಾಗೇ ಮುಂದಿನ ತರಗತಿಗೆ ಹೋಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ಜೊತೆ ಕೊಡುವುದು ಅಂದರೆ ಏನು? ಪಾಠ ಶುರುವಾಗುವ ಮೊದಲು ಎಡವಿಸುವ ಐದಾರು ಪದಗಳನ್ನು ಬೋರ್ಡ್ ಮೇಲೆ ಬರೆದು, ಬಿಡಿಸಿ ಓದಿ, ಅರ್ಥ ಹೇಳಿ. ಉದ್ದ ಪದವನ್ನು ತುಂಡು ಮಾಡಿ ತೋರಿಸಿ: ಹೋಗ, ಬೇಕಾಗಿದ್ದ, ವರೆಲ್ಲರೂ. ಮೊದಲ ಪ್ಯಾರಾ ನೀವೇ ಓದಿ, ಕಥೆ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗಲಿ. ಇಡೀ ಪಾಠವನ್ನು ಒಂದೇ ಏಟಿಗೆ ಕೊಡಬೇಡಿ, ಅರ್ಧ ಪುಟ ಓದಿ ನಿಲ್ಲಿಸಿ, ಮಾತಾಡಿ, ಮುಂದೆ ಹೋಗಿ. ಒಂದೇ ಚಿಕ್ಕ ಭಾಗವನ್ನು ಮೂರು ನಾಲ್ಕು ಸಲ ಓದಿಸುವುದು ಸರಾಗ ಓದಿಗೆ ಒಳ್ಳೆಯದು ಅನ್ನುವುದು ಚೆನ್ನಾಗಿ ಪರೀಕ್ಷೆಯಾದ ವಿಷಯ, ಮತ್ತು ನಾಲ್ಕನೇ ಸಲಕ್ಕೆ ತನ್ನ ದನಿ ಹರಿಯುವುದು ಮಗುವಿಗೇ ಕೇಳಿಸುತ್ತದೆ, ಆ ಖುಷಿ ನೋಡುವುದಕ್ಕೇ ಚೆನ್ನ. ಹೊಸದು, ಗೊತ್ತಿರುವುದು ಎರಡನ್ನೂ ಬೆರೆಸಿ ಕೊಡಿ. ಸಾಧ್ಯವಾದ ಕಡೆ ಆಯ್ಕೆ ಕೊಡಿ: ಈ ಎರಡು ಕಥೆಯಲ್ಲಿ ಯಾವುದು ಮೊದಲು, ಉತ್ತರ ಬರೀತೀಯಾ ಇಲ್ಲ ಹೇಳ್ತೀಯಾ. ತಾನೇ ಆರಿಸಿಕೊಂಡ ಕೆಲಸದಲ್ಲಿ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ. ಮತ್ತೆ ಸಹಾಯ ಕೇಳಲು ಒಂದು ಸದ್ದಿಲ್ಲದ ಗುರುತು ಇರಲಿ, ಮೇಜಿನ ಮೇಲೆ ಒಂದು ಕೆಂಪು ಕಾರ್ಡ್ ತಿರುಗಿಸಿ ಇಟ್ಟರೂ ಸಾಕು. ಆದರೆ ಕಾರ್ಡ್ ತಿರುಗಿಸಿದ ಕೂಡಲೇ ನೀವು ಅಲ್ಲಿಗೆ ಹೋಗಬೇಕು, ಶುರುವಿನಲ್ಲಂತೂ ತಡ ಮಾಡಬಾರದು. ಕೇಳಿದರೂ ಯಾರೂ ಬರದಿದ್ದರೆ ಮಗು ಹಳೆಯ ದಾರಿಗೇ ವಾಪಸ್.

ಗಲಾಟೆ ಶುರುವಾದ ಮೇಲೆ ಏನು ಮಾಡುವುದು? ಓದಿನಿಂದ ಪೂರಾ ಬಿಡಿಸಬೇಡಿ, ಕೆಲಸವನ್ನು ಚಿಕ್ಕದು ಮಾಡಿ. ‘ಈ ಎರಡು ಸಾಲು ಇಬ್ಬರೂ ಸೇರಿ ಓದೋಣ, ಆಮೇಲೆ ನೀರು ಕುಡಿದು ಬಾ.’ ದನಿ ಏರಿಸದೆ, ಪಕ್ಕಕ್ಕೆ ಬಗ್ಗಿ ಹೇಳಿ. ಎರಡು ಸಾಲು ಮುಗಿದರೆ ನಿಜವಾಗಿಯೂ ಕಳಿಸಿ, ಮಾತಿಗೆ ತಪ್ಪಬೇಡಿ. ಇದರಿಂದ ಮಗುವಿಗೆ ಬಿಡುವು ಸಿಗುವುದು ಓದಿನ ಮೂಲಕ, ಗಲಾಟೆಯ ಮೂಲಕ ಅಲ್ಲ. ವ್ಯತ್ಯಾಸ ಚಿಕ್ಕದಾಗಿ ಕಂಡರೂ ದಿನ ಕಳೆದ ಹಾಗೆ ದೊಡ್ಡದಾಗುತ್ತದೆ.

ಇಷ್ಟೆಲ್ಲಾ ಬದಲಿಸುವ ಮೊದಲು ಒಂದು ವಾರ ಸುಮ್ನೆ ಬರೆದಿಟ್ಟುಕೊಳ್ಳಿ. ಯಾರು, ಪೀರಿಯಡ್‌ನ ಯಾವ ಹೊತ್ತಿಗೆ, ಆಗ ಯಾವ ಕೆಲಸ ನಡೆಯುತ್ತಿತ್ತು, ಆಮೇಲೆ ಆ ಮಗುವಿಗೆ ಏನು ಸಿಕ್ಕಿತು. ಒಂದೊಂದು ಸಾಲು ಸಾಕು. ಓದು ಶುರುವಾದ ಕೂಡಲೇ ಏಳುವವರು ಒಂದು ಗುಂಪು, ಮುಗಿಸಿದ ಮೇಲೆ ಏಳುವವರು ಇನ್ನೊಂದು ಗುಂಪು ಅಂತ ನಿಮಗೇ ಕಾಣುತ್ತದೆ. ಅನುಮಾನ ಬಂದರೆ ಅದೇ ಮಗುವಿಗೆ ಒಂದು ದಿನ ಸುಲಭದ ಪುಟ, ಮರುದಿನ ಎಂದಿನ ಪುಟ, ಮತ್ತೆ ಸುಲಭದ್ದು, ಹೀಗೆ ಕೊಟ್ಟು ನೋಡಿ. ಪುಟದ ಜೊತೆ ನಡತೆಯೂ ಏರಿಳಿದರೆ ಕಾರಣ ಪುಟದಲ್ಲೇ ಇದೆ. ಏನು ಕೊಟ್ಟರೂ ನಡತೆ ಹಾಗೇ ಇದ್ದರೆ ಬೇರೆ ಕಡೆ ಹುಡುಕಿ. ಕಣ್ಣು ಸರಿಯಾಗಿ ಕಾಣುತ್ತದಾ, ಕಿವಿ ಕೇಳುತ್ತದಾ, ರಾತ್ರಿ ನಿದ್ದೆ ಆಗುತ್ತದಾ, ಯಾರಾದರೂ ಆ ಮಗುವನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರಾ? ಇಷ್ಟು ಜೊತೆ ಕೊಟ್ಟರೂ ತಿಂಗಳುಗಟ್ಟಲೆ ಅಕ್ಷರ ಬಿಡಿಸುವುದು ಸ್ವಲ್ಪವೂ ಸುಧಾರಿಸದಿದ್ದರೆ ಡಿಸ್‌ಲೆಕ್ಸಿಯಾ (ಅಕ್ಷರ ಬಿಡಿಸಿ ಓದುವುದರಲ್ಲೇ ಇರುವ ಕಲಿಕೆಯ ತೊಡಕು) ಇರಬಹುದು, ತಿಳಿದವರಿಂದ ಪರೀಕ್ಷೆ ಮಾಡಿಸಲು ತಡ ಮಾಡಬೇಡಿ. ಅಂಥ ಮಕ್ಕಳಿಗೆ ಬೇಕಾದ ಕಲಿಕೆಯ ಕ್ರಮವೇ ಬೇರೆ ಇರುತ್ತದೆ, ಬೇಗ ಸಿಕ್ಕಷ್ಟೂ ಒಳ್ಳೆಯದು.

ಸುಲಭದ ಪುಸ್ತಕ ಕೊಡುವ ರೀತಿಯ ಬಗ್ಗೆಯೂ ಒಂದು ಮಾತು. ಒಂಬತ್ತು ವರ್ಷದ ಮಗುವಿನ ಕೈಗೆ ಐದು ವರ್ಷದವರ ಚಿತ್ರಪುಸ್ತಕ ಎಲ್ಲರೆದುರು ಕೊಟ್ಟರೆ ಅದು ಮೂಲೆಗೆ ಹೋಗುತ್ತದೆ, ಇಲ್ಲವೇ ಹರಿಯುತ್ತದೆ. ಭಾಷೆ ಸುಲಭ ಇರಲಿ, ವಿಷಯ ವಯಸ್ಸಿಗೆ ತಕ್ಕದ್ದಿರಲಿ. ಅಂಥದ್ದು ಸಿಗದಿದ್ದರೆ ತರಗತಿಯ ಪಾಠವನ್ನೇ ನೀವು ಸಣ್ಣ ವಾಕ್ಯಗಳಲ್ಲಿ ಅರ್ಧ ಪುಟಕ್ಕೆ ಬರೆದು ಕೊಡಬಹುದು. ಎಲ್ಲರೂ ಒಂದೇ ಕಥೆ ಮಾತಾಡುತ್ತಿರುವಾಗ ಆ ಮಗುವೂ ಮಾತಾಡಬಹುದು. ‘ನಿಧಾನದವರ ಗುಂಪು’ ಅನ್ನುವ ಹೆಸರು ಯಾವತ್ತೂ ಬೇಡ, ಗುಂಪುಗಳು ಆಗಾಗ ಬದಲಾಗುತ್ತಿರಲಿ.

ಬದಲಾವಣೆ ಎಷ್ಟು ದಿನಕ್ಕೆ ಕಾಣುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೆಲಸ ತೀರಾ ಸುಲಭವಾಗಿದ್ದ ಮಗುವಿನಲ್ಲಿ ಬಹಳ ಬೇಗ ಕಾಣುತ್ತದೆ, ಹಲವು ಸಲ ಅದೇ ದಿನ. ಕಷ್ಟದಿಂದ ತಪ್ಪಿಸಿಕೊಳ್ಳುವುದು ಅಭ್ಯಾಸವಾಗಿರುವ ಮಕ್ಕಳಲ್ಲಿ ತಡವಾಗುತ್ತದೆ. ಹೊರಗೆ ನಿಲ್ಲಿಸುವುದನ್ನು ನೀವು ನಿಲ್ಲಿಸಿದ ಮೊದಲ ಕೆಲವು ದಿನ ಗಲಾಟೆ ಇನ್ನೂ ಜಾಸ್ತಿಯಾಗಬಹುದು, ಯಾಕೆಂದರೆ ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯುತ್ತಿಲ್ಲ ಅಂತ ಅವರು ಇನ್ನೂ ಜೋರಾಗಿ ತಟ್ಟುತ್ತಾರೆ. ‘ಇದೂ ಕೆಲಸ ಮಾಡಲಿಲ್ಲ’ ಅಂತ ಆಗ ಕೈಬಿಡಬೇಡಿ. ಅದೇ ದಿನಗಳಲ್ಲಿ ನೀವು ಅವರ ಪಕ್ಕದಲ್ಲಿ ಹೆಚ್ಚು ಹೊತ್ತು ಕೂರಬೇಕು, ಎರಡು ಸಾಲಿನಿಂದ ನಾಲ್ಕು ಸಾಲಿಗೆ, ನಾಲ್ಕರಿಂದ ಒಂದು ಪ್ಯಾರಾಕ್ಕೆ ಮೆಲ್ಲಗೆ ಕರೆದೊಯ್ಯಬೇಕು. ನಾಲ್ಕೈದು ಮಕ್ಕಳಿಗೂ ಒಟ್ಟಿಗೆ ಇದು ಆಗುವುದಿಲ್ಲ ಅನ್ನಿಸಿದರೆ ಒಬ್ಬರಿಂದ ಶುರು ಮಾಡಿ, ಅದೂ ಎಲ್ಲರಿಗಿಂತ ಜಾಸ್ತಿ ಕಷ್ಟಪಡುತ್ತಿರುವ ಮಗುವಿನಿಂದ.